ಪ್ರತಿ ಯಾರ ಬಳಿ ಇದೆ?

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಇಂಟರ್ನೆಟ್ ಆರ್ಕೈವ್ ವಿರುದ್ಧ ತೀರ್ಪು ಕೊಟ್ಟಿತು. ಆ ಸಂಸ್ಥೆ ಕಾಗದದ ಪುಸ್ತಕಗಳನ್ನು ಸಂಗ್ರಹಿಸಿಟ್ಟು, ಸ್ಕ್ಯಾನ್ ಮಾಡಿ, ಕಪಾಟಿನಲ್ಲಿರುವ ಒಂದು ಪ್ರತಿಗೆ ಒಬ್ಬ ಓದುಗನ ಲೆಕ್ಕದಲ್ಲಿ ಅಂತರಜಾಲದ ಮೂಲಕ ಎರವಲು ಕೊಡುತ್ತಿತ್ತು. 2020ರಲ್ಲಿ ಕೋವಿಡ್ ಕಾರಣಕ್ಕೆ ಗ್ರಂಥಾಲಯಗಳು ಬಾಗಿಲು ಹಾಕಿದ್ದಾಗ ಸುಮಾರು ಮೂರು ತಿಂಗಳು ಈ ಮಿತಿಯನ್ನೂ ಸಡಿಲಿಸಿತು. ನಾಲ್ವರು ಪ್ರಕಾಶಕರು ಮೊಕದ್ದಮೆ ಹೂಡಿದರು, ಕೆಳಗಿನ ಕೋರ್ಟಿನಲ್ಲೂ ಮೇಲಿನ ಕೋರ್ಟಿನಲ್ಲೂ ಗೆದ್ದರು. 5 ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಎರವಲು ಪಟ್ಟಿಯಿಂದ ಹೊರಬಿದ್ದವು.

ತೀರ್ಪಿನ ಸರಿತಪ್ಪು ಬೇರೆಯೇ ಚರ್ಚೆ. ಅಷ್ಟೊಂದು ಪುಸ್ತಕ ಓದುಗರಿಗೆ ಸಿಗದಂತೆ ಮಾಡಲು ಯಾರ ಮನೆಯ ಕಪಾಟನ್ನೂ ಜಾಲಾಡಬೇಕಾಗಲಿಲ್ಲ, ಒಂದೇ ಸಂಸ್ಥೆಯ ಸರ್ವರ್‌ನಲ್ಲಿ ಅನುಮತಿ ಬದಲಿಸಿದರೆ ಸಾಕಾಯಿತು ಎಂಬುದು ಇಲ್ಲಿನ ವಿಷಯ.

ಅಚ್ಚನ್ನೂ ಅಂತರಜಾಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದು ಶುರುಮಾಡಿದ್ದನ್ನು ಇನ್ನೊಂದು ಮುಂದುವರಿಸಿತು ಎನ್ನುವುದು ರೂಢಿ. ಓದುಗರ ಸಂಖ್ಯೆಯಷ್ಟನ್ನೇ ನೋಡಿದರೆ ಅದು ನಿಜ. ಪ್ರತಿ ಎಲ್ಲಿರುತ್ತದೆ ಎಂದು ಕೇಳಿದರೆ ಎರಡರ ದಾರಿಯೂ ಬೇರೆಯಾಗುತ್ತದೆ. ಅಚ್ಚು ಓದುಗನ ಕೈಗೆ ಪ್ರತಿಯನ್ನೇ ಕೊಟ್ಟಿತು. ಅಂತರಜಾಲ ಬೇರೆಲ್ಲೋ ಇರುವ ಪ್ರತಿಯನ್ನು ನೋಡಲು ದಾರಿ ಕೊಟ್ಟಿತು. ಇವತ್ತು ಜ್ಞಾನದ ಲಭ್ಯತೆಯ ಬಗ್ಗೆ ನಡೆಯುತ್ತಿರುವ ಜಗಳಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸದಿಂದಲೇ ಹುಟ್ಟಿದವು.

ಮೊಳೆ ಕಳಚುವ ಮುನ್ನ

ಮುದ್ರಣವನ್ನು ಗುಟೆನ್‌ಬರ್ಗ್ ಕಂಡುಹಿಡಿದ ಎನ್ನುವುದು ಅರ್ಧ ಸತ್ಯ. ಚೀನಾದಲ್ಲಿ ಮರದಚ್ಚಿನಲ್ಲಿ ಮುದ್ರಿಸಿದ ವಜ್ರಸೂತ್ರವೆಂಬ ಬೌದ್ಧ ಗ್ರಂಥದ ಮೇಲೆ ಕ್ರಿ.ಶ. 868ರ ದಿನಾಂಕವಿದೆ. 1040ರ ದಶಕದಲ್ಲಿ ಬಿ ಶೆಂಗ್ ಸುಟ್ಟ ಮಣ್ಣಿನ ಬಿಡಿ ಅಕ್ಷರಗಳನ್ನು ಮಾಡಿದ್ದ. ಕೊರಿಯಾದಲ್ಲಿ ಲೋಹದ ಮೊಳೆಗಳಿಂದ (ಒಂದೊಂದರ ಮುಖದಲ್ಲೂ ಒಂದು ಅಕ್ಷರವಿರುವ ಅಚ್ಚಿನ ತುಂಡುಗಳಿಂದ) 1377ರಲ್ಲಿ ಅಚ್ಚಾದ ಜಿಕ್‌ಜಿ ಗ್ರಂಥದ ಒಂದು ಸಂಪುಟ ಈಗಲೂ ಉಳಿದಿದೆ. 1450ರ ದಶಕದಲ್ಲಿ ಗುಟೆನ್‌ಬರ್ಗ್‌ನ ಊರಾದ ಜರ್ಮನಿಯ ಮೈನ್ಸ್ ನಗರದಲ್ಲಿ ಆದದ್ದು ನಾಲ್ಕು ಕೆಲಸಗಳ ಜೋಡಣೆ: ಒಂದೇ ಅಳತೆಯ ಮೊಳೆಗಳನ್ನು ಬೇಗಬೇಗ ಎರಕ ಹೊಯ್ಯುವ ಕೈ ಅಚ್ಚು, ಅದಕ್ಕೆ ಹೊಂದುವ ಮಿಶ್ರಲೋಹ, ಎಣ್ಣೆ ಬೆರೆಸಿದ ಶಾಯಿ, ತಿರುಪಿನಿಂದ ಒತ್ತುವ ಯಂತ್ರ.

ಮಿಶ್ರಲೋಹದಲ್ಲಿ ಹೆಚ್ಚಿನ ಪಾಲು ಸೀಸ. ಬರೀ ಸೀಸದ ಮೊಳೆ ಕೆಲವೇ ಒತ್ತಿಗೆ ಮೊಂಡಾಗುತ್ತದೆ. ಆಂಟಿಮನಿ ಸೇರಿಸಿದರೆ ಗಟ್ಟಿಯಾಗುತ್ತದೆ, ತಣಿಯುವಾಗ ಕುಗ್ಗುವುದೂ ಕಡಿಮೆ. ತವರ ಬೆರೆತರೆ ಲೋಹ ಸಲೀಸಾಗಿ ಹರಿದು ಅಕ್ಷರದ ಸಣ್ಣ ಮೂಲೆಗಳನ್ನೂ ತುಂಬುತ್ತದೆ. ಕಾಯಿಸಿದ್ದು ಸಾಲದಿದ್ದರೆ ಅಕ್ಷರದ ಮುಖ ಅರ್ಧಂಬರ್ಧ ಮೂಡುತ್ತದೆ. ಕೈಬರಹಕ್ಕೆ ಬಳಸುವ ನೀರಿನ ಶಾಯಿ ಲೋಹದ ಮೇಲೆ ಹನಿಹನಿಯಾಗಿ ನಿಂತುಬಿಡುವುದರಿಂದ ಎಣ್ಣೆಯ ಶಾಯಿ ಬೇಕಾಯಿತು. ಕಾಗದವನ್ನು ಮೊದಲೇ ತೇವ ಮಾಡದಿದ್ದರೆ ಅಚ್ಚು ಸಮನಾಗಿ ಬೀಳುತ್ತಿರಲಿಲ್ಲ. ಇಷ್ಟೆಲ್ಲ ಹೊಂದಿಕೊಂಡ ಮೇಲೆ ಇಬ್ಬರು ಕೆಲಸಗಾರರು ಗಂಟೆಗೆ 200ರಿಂದ 250 ಹಾಳೆಗಳ ಒಂದು ಮಗ್ಗುಲನ್ನು ಒತ್ತಬಲ್ಲವರಾದರು.

ವೇಗಕ್ಕಿಂತ ಮುಖ್ಯವಾದ ಇನ್ನೊಂದು ಕಟ್ಟುಪಾಡಿತ್ತು. ಗುಟೆನ್‌ಬರ್ಗ್‌ನ ಬೈಬಲ್‌ನಲ್ಲಿ ಪುಟಕ್ಕೆ ಹೆಚ್ಚುಕಡಿಮೆ 2,500 ಅಕ್ಷರ, ಒಟ್ಟು 1,280 ಪುಟ. ಇಡೀ ಪುಸ್ತಕವನ್ನು ಒಮ್ಮೆಗೇ ಜೋಡಿಸಿಡಲು 32 ಲಕ್ಷ ಮೊಳೆ ಬೇಕು. ಅಷ್ಟು ಲೋಹ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಕೆಲವು ಪುಟ ಜೋಡಿಸುವುದು, ಬೇಕಾದಷ್ಟು ಹಾಳೆ ಒತ್ತುವುದು, ಮೊಳೆ ಕಳಚಿ ಖಾನೆಗಳ ಪೆಟ್ಟಿಗೆಗೆ ಹಾಕಿ ಮುಂದಿನ ಪುಟಗಳಿಗೆ ಬಳಸುವುದು. ಎಂದರೆ ಎಷ್ಟು ಪ್ರತಿ ಬೇಕೆಂಬುದನ್ನು ಮೊಳೆ ಕಳಚುವ ಮುನ್ನವೇ ತೀರ್ಮಾನಿಸಬೇಕು. ಅದೇ ಬೈಬಲ್ ಕೆಲಸದ ನಡುವೆ ಪ್ರತಿಗಳ ಸಂಖ್ಯೆ ಏರಿಸಿದಾಗ, ಆಗಲೇ ಕಳಚಿದ್ದ ಮೊದಲ ಪುಟಗಳನ್ನು ಮತ್ತೆ ಜೋಡಿಸಬೇಕಾಯಿತು. ಉಳಿದಿರುವ ಪ್ರತಿಗಳನ್ನು ಹೋಲಿಸಿದರೆ ಆ ಪುಟಗಳಲ್ಲಿ ಎರಡು ಬಗೆಯ ಜೋಡಣೆ ಕಾಣುತ್ತದೆ.

ಈ ಕಟ್ಟುಪಾಡಿನ ಫಲವೆಂದರೆ, ಮುದ್ರಕ ಓದುಗರು ಬರುವ ಮೊದಲೇ ನೂರಾರು ಪ್ರತಿ ಮಾಡಿ, ಹಾಕಿದ ಹಣ ಹಿಂದಿರುಗಲಿ ಎಂದು ಅವನ್ನು ಊರೂರಿಗೆ ಕಳಿಸಲೇಬೇಕಾಗುತ್ತಿತ್ತು. ಆ ಬೈಬಲ್ ಸುಮಾರು 180 ಪ್ರತಿ ಅಚ್ಚಾಯಿತು; 49ರಷ್ಟು ಇವತ್ತಿಗೂ ಉಳಿದಿವೆ. ಅವುಗಳನ್ನು ಐದೂವರೆ ಶತಮಾನ ಕಾಪಾಡಲು ಯಾರೂ ಒಂದು ಯೋಜನೆ ಹಾಕಿಕೊಂಡಿರಲಿಲ್ಲ. ಬೇರೆ ಬೇರೆ ಕಡೆ ಇದ್ದವು, ಒಂದು ಕಡೆಯ ಬೆಂಕಿ ಇನ್ನೊಂದು ಕಡೆಗೆ ತಗಲಲಿಲ್ಲ, ಅಷ್ಟೆ.

ನಿಷೇಧ ತಲುಪದ ಕಪಾಟುಗಳು

ಹಂಚಿಹೋದ ಪ್ರತಿಯ ಬಲವನ್ನು ಕೊಪರ್ನಿಕಸ್‌ನ ಗ್ರಂಥದಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಇನ್ನೊಂದಿಲ್ಲ. ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂದ ಆ ಪುಸ್ತಕ 1543ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಮೊದಲ ಮುದ್ರಣ 400ರಿಂದ 500 ಪ್ರತಿ ಇದ್ದಿರಬೇಕೆಂದು ವಿದ್ವಾಂಸರ ಅಂದಾಜು. 1616ರಲ್ಲಿ ರೋಮ್‌ನ ಕ್ಯಾಥೊಲಿಕ್ ಚರ್ಚ್ ಅದನ್ನು ತಡೆಹಿಡಿಯಿತು. 1620ರಲ್ಲಿ, ಯಾವ ಸಾಲು ಹೊಡೆದುಹಾಕಬೇಕು, ಯಾವುದನ್ನು ಬದಲಿಸಬೇಕು ಎಂಬ ಪಟ್ಟಿ ಹೊರಡಿಸಿತು. ಖಗೋಳ ಇತಿಹಾಸಕಾರ ಓವೆನ್ ಗಿಂಗರಿಚ್ ಉಳಿದಿರುವ ಪ್ರತಿಗಳನ್ನು ದಶಕಗಳ ಕಾಲ ಹುಡುಕಿ ನೋಡಿದಾಗ ಕಂಡದ್ದು ಇದು: ಇಟಲಿಯಲ್ಲಿದ್ದ ಪ್ರತಿಗಳಲ್ಲಿ ಹೆಚ್ಚಿನವು ಆಜ್ಞೆಯಂತೆ ತಿದ್ದುಪಡಿಯಾಗಿವೆ, ಹೊರಗಿನವನ್ನು ಬಹುತೇಕ ಯಾರೂ ಮುಟ್ಟಿಲ್ಲ. ಆಜ್ಞೆ ಬರುವ ಹೊತ್ತಿಗೆ ಪುಸ್ತಕ ಎಪ್ಪತ್ತು ವರ್ಷ ಹಳೆಯದಾಗಿ, ಕೈಯಿಂದ ಕೈಗೆ ದಾಟಿ ಹರಡಿಹೋಗಿತ್ತು.

ಪ್ರತಿಗಳ ಜೊತೆ ತಪ್ಪೂ ಹರಡುತ್ತಿತ್ತು ಎಂಬುದನ್ನೂ ಹೇಳಬೇಕು. ಕೈಬರಹದಲ್ಲಿ ಒಬ್ಬ ಲಿಪಿಕಾರನ ತಪ್ಪು ಅವನ ಪ್ರತಿಗೂ ಅದರಿಂದ ನಕಲಾದವಕ್ಕೂ ಸೀಮಿತ. ಒತ್ತಲು ಜೋಡಿಸಿಟ್ಟ ಮೊಳೆಗಳ ಚೌಕಟ್ಟಿನಲ್ಲಿ, ಅಂದರೆ ಫಾರಂನಲ್ಲಿ, ಉಳಿದ ತಪ್ಪು ಅದರಿಂದ ಒತ್ತಿದ ಎಲ್ಲ ಹಾಳೆಗೂ ಇಳಿಯುತ್ತದೆ. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ ಒಂದರಲ್ಲಿ ದಶಾಜ್ಞೆಯ ಸಾಲಿನಿಂದ 'ಬೇಡ' ಎಂಬರ್ಥದ ಪದವೊಂದೇ ಬಿಟ್ಟುಹೋಗಿ, ವ್ಯಭಿಚಾರ ಮಾಡು ಎಂದು ದೇವರೇ ಅಪ್ಪಣೆ ಕೊಟ್ಟಂತಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. ಆದರೆ ಎಲ್ಲರ ಬಳಿ ಒಂದೇ ತಪ್ಪು ಇದ್ದರೆ ಅದನ್ನು 'ಇಂಥ ಪುಟ, ಇಂಥ ಸಾಲು' ಎಂದು ತೋರಿಸಲೂ ಬರುತ್ತದೆ. ಪುಟಸಂಖ್ಯೆ, ಪದಸೂಚಿ, ಕೊನೆಯಲ್ಲಿನ ತಪ್ಪು-ಒಪ್ಪು ಪಟ್ಟಿ ಇವೆಲ್ಲ ಬೇರೂರಿದ್ದು ಒಂದೇ ಮುದ್ರಣದ ಪ್ರತಿಗಳು ಪುಟಕ್ಕೆ ಪುಟ ಹೊಂದುತ್ತಿದ್ದುದರಿಂದ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ನಿಯತಕಾಲಿಕೆ ಶುರುವಾದ ಮೇಲೆ ವಿಜ್ಞಾನಿಗಳ ವಾದವಿವಾದವೂ ಇದೇ ಅನುಕೂಲದ ಮೇಲೆ ನಡೆಯಿತು.

ಹಾಗೆಂದು ಅಚ್ಚು ಬಂದ ಕೂಡಲೇ ಎಲ್ಲರ ಮನೆಗೂ ಪುಸ್ತಕ ಬರಲಿಲ್ಲ. ಚಿಂದಿ ಬಟ್ಟೆಯಿಂದ ಕಾಗದ ಮಾಡುತ್ತಿದ್ದ ಕಾಲವದು. ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದೇ. 1814ರ ನವೆಂಬರ್ 29ರ ಲಂಡನ್ನಿನ ಟೈಮ್ಸ್ ಪತ್ರಿಕೆ ಕೋನಿಗ್‌ನ ಉಗಿಯಂತ್ರದಲ್ಲಿ ಗಂಟೆಗೆ 1,100 ಹಾಳೆಯಂತೆ ಅಚ್ಚಾಯಿತು. 19ನೇ ಶತಮಾನದ ನಡುವಿನಿಂದ ಮರದ ತಿರುಳು ಚಿಂದಿಯ ಜಾಗ ಹಿಡಿಯಿತು. ಪುಸ್ತಕ ನಿಜವಾಗಿ ಅಗ್ಗವಾದದ್ದು ಆಮೇಲೆ. ಅದಕ್ಕೂ ಬೆಲೆ ತೆರಬೇಕಾಯಿತು: ಶಾಯಿ ಹರಡದಿರಲೆಂದು ಹಾಕಿದ ಪಟಿಕ ಮತ್ತು ರಾಳ ಕಾಗದದೊಳಗೆ ಆಮ್ಲ ಉಳಿಸಿದವು. 1455ರ ಹಾಳೆ ಇನ್ನೂ ಬಾಗುತ್ತದೆ. 1890ರದ್ದು ಮಡಿಸಿದಲ್ಲಿ ಮುರಿಯುತ್ತದೆ. ಇವತ್ತು ಸ್ಕ್ಯಾನಿಂಗ್ ಮೇಜಿಗೆ ತುರ್ತಾಗಿ ಬರಬೇಕಾದ್ದು ತೀರಾ ಹಳೆಯ ಪುಸ್ತಕವಲ್ಲ, 1850ರಿಂದ ಈಚೆಗಿನದು.

ಹಕ್ಕುಸ್ವಾಮ್ಯದ ಮೊದಲ ಕಾಯ್ದೆ ಬ್ರಿಟನ್ನಿನಲ್ಲಿ 1710ರಲ್ಲಿ ಜಾರಿಗೆ ಬಂತು. ಹೊಸ ಪುಸ್ತಕಕ್ಕೆ 14 ವರ್ಷ, ಲೇಖಕ ಬದುಕಿದ್ದರೆ ಇನ್ನು 14. ಆ ಕಾಯ್ದೆಯ ಇನ್ನೊಂದು ಷರತ್ತನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ: ಪ್ರತಿ ಪುಸ್ತಕದ 9 ಪ್ರತಿಗಳನ್ನು ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಕೊಡಬೇಕು. ಹಕ್ಕು ಲೇಖಕನಿಗೆ, ಪ್ರತಿ ಸಮಾಜಕ್ಕೆ. ಈಗ ಮೊದಲ ಅರ್ಧ ಬೆಳೆದು, ಲೇಖಕ ತೀರಿಕೊಂಡ ಮೇಲೂ ಭಾರತದಲ್ಲಿ 60 ವರ್ಷ, ಯೂರೋಪಿನಲ್ಲಿ 70 ವರ್ಷಕ್ಕೆ ಬಂದು ನಿಂತಿದೆ.

ಒಂದೇ ಪ್ರತಿ, ಕೋಟಿ ಓದುಗರು

ಅಂತರಜಾಲದ ಕಥೆಯಲ್ಲಿ ನೆನಪಿಡಬೇಕಾದ ದಿನ 1993ರ ಏಪ್ರಿಲ್ 30. ಟಿಮ್ ಬರ್ನರ್ಸ್-ಲೀ ರೂಪಿಸಿದ್ದ ವೆಬ್ ತಂತ್ರಾಂಶವನ್ನು ಯೂರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಅಂದು ಯಾವ ಶುಲ್ಕವೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದಕ್ಕೆ ಕೆಲವೇ ವಾರ ಹಿಂದೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ, ಜಾಲದಲ್ಲಿ ಕಡತ ಹುಡುಕಿ ಓದಲು ತಾನು ರೂಪಿಸಿದ್ದ ಗೋಫರ್ ವ್ಯವಸ್ಥೆಯ ಸರ್ವರ್ ಬಳಕೆಗೆ ಶುಲ್ಕ ಕೇಳುವುದಾಗಿ ಹೇಳಿತ್ತು. ಆಗ ವೆಬ್‌ಗಿಂತ ಜನಪ್ರಿಯವಾಗಿದ್ದ ಗೋಫರ್ ಬೇಗನೆ ಮೂಲೆ ಸೇರಿತು.

ವೆಬ್ ಪುಟ ತೆರೆದಾಗ ಆಗುವುದೇನು? ಬ್ರೌಸರ್ ವಿಳಾಸದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಂಡು ಸರ್ವರ್‌ಗೆ ಬೇಡಿಕೆ ಕಳಿಸುತ್ತದೆ. ಸರ್ವರ್ ಕಡತವನ್ನು ಸುಮಾರು 1,500 ಬೈಟ್‌ಗಳ ತುಂಡುಗಳಾಗಿ ಕಳಿಸುತ್ತದೆ. 30 ಎಂಬಿಯ ಒಂದು ಸ್ಕ್ಯಾನ್ ಪುಸ್ತಕವೆಂದರೆ 20 ಸಾವಿರಕ್ಕೂ ಹೆಚ್ಚು ತುಂಡು. ಓದುಗನ ಯಂತ್ರಕ್ಕೆ ಒಂದು ನಕಲು ಬಂದೇ ಬರುತ್ತದೆ. ಬ್ರೌಸರ್ ಅದನ್ನು ಬೇಗನೆ ಎಸೆಯುತ್ತದೆ. ಓದು ಮುಗಿದಾಗ ಉಳಿಯುವುದು ಮೊದಲಿದ್ದ ಒಂದೇ ಪ್ರತಿ.

ಇಲ್ಲಿಂದ ಎರಡು ಪರಿಣಾಮ. ಮೊದಲನೆಯದು ಖರ್ಚಿನದು. ಅಚ್ಚಾದ ಪುಸ್ತಕವನ್ನು ಐದು ಜನ ಓದಲಿ, ಐವತ್ತು ಜನ ಓದಲಿ, ಮುದ್ರಕನ ಖರ್ಚು ಮುಗಿದ ಲೆಕ್ಕ. ವೆಬ್‌ನಲ್ಲಿ ಪ್ರತಿ ಓದಿಗೂ ಸರ್ವರ್ ಇಟ್ಟವನ ಖಾತೆಯಿಂದ ಒಂದಿಷ್ಟು ಕಳೆಯುತ್ತದೆ. ಇದಕ್ಕೆ ಕೊನೆಯಲ್ಲಿ ಬರೋಣ. ಎರಡನೆಯದು ಸಾವಿನದು. ತಾಣದ ಹೆಸರಿನ ನೋಂದಣಿ ನವೀಕರಿಸದೆ ಹೋದರೆ, ಬಾಡಿಗೆ ಕಟ್ಟದಿದ್ದರೆ, ತಾಣದ ವಿನ್ಯಾಸ ಬದಲಿಸುವಾಗ ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸದಿದ್ದರೆ, ಪುಟ ಇಲ್ಲವಾಗುತ್ತದೆ. ಮೂರನೆಯದೇ ಅತಿ ಸಾಮಾನ್ಯ, ಅತಿ ಅನಗತ್ಯ ಕೂಡ. ವಿಷಯ ಅಲ್ಲೇ ಇರುತ್ತದೆ, ವಿಳಾಸವಷ್ಟೇ ಸತ್ತಿರುತ್ತದೆ. 2013ರಲ್ಲಿದ್ದ ವೆಬ್ ಪುಟಗಳಲ್ಲಿ 38 ಶೇಕಡಾ ಹತ್ತು ವರ್ಷದ ನಂತರ ತೆರೆಯುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಕೆಟ್ಟ ಕಾಗದವೂ ಇದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ದುಡ್ಡು ಕೊಟ್ಟು ಪಡೆದದ್ದೂ ಕೈಯಲ್ಲಿ ನಿಲ್ಲುತ್ತದೆಂಬ ಖಾತ್ರಿಯಿಲ್ಲ. 2009ರ ಜುಲೈನಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಗ್ರಾಹಕರ ಕಿಂಡಲ್ ಎಂಬ ಇ-ಪುಸ್ತಕ ಸಾಧನಗಳಿಂದ ದೂರದಲ್ಲಿ ಕುಳಿತೇ ಅಳಿಸಿತು. ಹಣ ವಾಪಸ್ ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಅಳಿಸಿದ ಪುಸ್ತಕಗಳಲ್ಲಿ ಒಂದು, ಸರ್ಕಾರವೇ ಹಳೆಯ ದಾಖಲೆಗಳನ್ನು ಅಳಿಸಿ ತಿದ್ದುವ ಕಥೆಯ '1984' ಎಂಬುದನ್ನು ವ್ಯಂಗ್ಯಕ್ಕಾಗಿ ಯಾರೂ ಹೆಣೆಯಬೇಕಾಗಿರಲಿಲ್ಲ. ಕಾಗದದ ಪುಸ್ತಕ ಕೊಂಡವನು ಅದನ್ನು ಮಾರಬಹುದು, ಎರವಲು ಕೊಡಬಹುದು. ಇ-ಪುಸ್ತಕ 'ಕೊಂಡವನು' ಸಾಮಾನ್ಯವಾಗಿ ಪಡೆಯುವುದು ಓದುವ ಪರವಾನಗಿ. ಗ್ರಂಥಾಲಯಗಳಿಗೂ ಹಾಗೆಯೇ: ಇಂತಿಷ್ಟು ವರ್ಷ ಅಥವಾ ಇಂತಿಷ್ಟು ಎರವಲು ಮುಗಿದರೆ ಮತ್ತೆ ಹಣ ಕಟ್ಟಬೇಕು.

ಚಿತ್ರ ಇದ್ದರೆ ಪುಸ್ತಕ ಇದ್ದಂತಲ್ಲ

ಹಳೆಯ ಪುಸ್ತಕಗಳನ್ನು ಜಾಲಕ್ಕೆ ತರುವ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಸ್ಕ್ಯಾನ್ ಆದೊಡನೆ ಮುಗಿಯಿತೆಂದುಕೊಂಡು. ಲೆಕ್ಕ ಹೀಗಿದೆ. ಎ4 ಪುಟವನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ), ಪೂರ್ಣ ಬಣ್ಣದಲ್ಲಿ, ಕುಗ್ಗಿಸದೆ ಟಿಫ್ ಕಡತವಾಗಿ ಉಳಿಸಿದರೆ ಸುಮಾರು 26 ಎಂಬಿ. 300 ಪುಟಕ್ಕೆ 8 ಜಿಬಿಗೆ ಹತ್ತಿರ. ಮೂಲಪ್ರತಿಯಾಗಿ ಇಡಬೇಕಾದದ್ದು ಇದು. ಅಕ್ಷರ ಸಣ್ಣದಿದ್ದರೆ 400 ಡಿಪಿಐ ಒಳ್ಳೆಯದು. ಆಗ ಪುಟಕ್ಕೆ 46 ಎಂಬಿ. ಓದುಗರಿಗೆ ಕೊಡುವ ಪಿಡಿಎಫ್ ಇದರಿಂದ ಕುಗ್ಗಿಸಿದ್ದು. ಜಾಗ ಉಳಿಸಲು ಮೂಲವನ್ನೇ ಬಿಸಾಕಿ ಪಿಡಿಎಫ್ ಮಾತ್ರ ಇಟ್ಟುಕೊಂಡವರು, ಮುಂದೆ ಚಿತ್ರದಿಂದ ಅಕ್ಷರ ಓದುವ ಉತ್ತಮ ತಂತ್ರಾಂಶ ಬಂದಾಗ ಪುಸ್ತಕವನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಅಷ್ಟರಲ್ಲಿ ಆ ಆಮ್ಲ ತುಂಬಿದ ಹಾಳೆ ಬಿಚ್ಚುವ ಸ್ಥಿತಿಯಲ್ಲಿರಬೇಕಲ್ಲ.

ಒಸಿಆರ್ ಎಂದರೆ ಚಿತ್ರದಿಂದ ಅಕ್ಷರ ಗುರುತಿಸುವುದು. 98 ಶೇಕಡಾ ನಿಖರತೆ ಎಂದು ಕೇಳಿದರೆ ಖುಷಿಯಾಗುತ್ತದೆ. 1,500 ಅಕ್ಷರದ ಪುಟದಲ್ಲಿ ಅದು 30 ತಪ್ಪು. ಆರು ಅಕ್ಷರದ ಪದವೊಂದು ಪೂರ್ತಿ ಸರಿಯಿರುವ ಸಂಭವ 0.98ರ ಆರನೇ ಘಾತ, ಅಂದರೆ ಸುಮಾರು 89 ಶೇಕಡಾ. ಒಂಬತ್ತು ಪದಕ್ಕೆ ಒಂದು ಕೆಟ್ಟಿರುತ್ತದೆ, ಹುಡುಕಿದವನಿಗೆ ಅದು ಸಿಗುವುದಿಲ್ಲ. ಒತ್ತಕ್ಷರವಿರುವ ಲಿಪಿಗಳಲ್ಲಿ ಈ ಕಷ್ಟ ಹೆಚ್ಚು. ಕನ್ನಡದಲ್ಲಿ ದ-ಧ, ಬ-ಭ, ಪ-ಷ ನಡುವೆ ಇರುವುದು ಒಂದು ಸಣ್ಣ ಗೆರೆ. ಸ್ಕ್ಯಾನ್‌ನಲ್ಲಿ ಅದು ಮಸುಕಾದರೆ ಯಂತ್ರ ಊಹಿಸುತ್ತದೆ. ಅನುಸ್ವಾರಕ್ಕೂ ಕನ್ನಡದ ಸೊನ್ನೆ ಅಂಕಿಗೂ ಆಕಾರ ಒಂದೇ, ಸಂಕೇತ ಬೇರೆ. 'ಅಂಗಡಿ'ಯ ಸೊನ್ನೆಯ ಜಾಗದಲ್ಲಿ ಅಂಕಿ ಕೂತರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಸರ್ಚ್ ಎಂಜಿನ್‌ಗೆ ಅದು ಬೇರೆಯೇ ಪದ.

ಟೈಪು ಮಾಡಿದ ಪಠ್ಯಕ್ಕೂ ಇಂಥ ರೋಗಗಳಿವೆ. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದು, ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಎಂಬ ನಿಯಮ ಬಂತು. ಅದಕ್ಕೂ ಮುನ್ನ, ಆಮೇಲೂ ಬಹಳ ವರ್ಷ, ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೆ ಬೇರೆ ಲಿಪಿಯ ಚಿತ್ರ ಅಂಟಿಸಿದ ಫಾಂಟ್‌ಗಳೇ ನಡೆದವು. ಆ ಕಡತಗಳಿಂದ ಮಾಡಿದ ಪಿಡಿಎಫ್ ತೆರೆದರೆ ಅಕ್ಷರ ಮುದ್ದಾಗಿ ಕಾಣುತ್ತದೆ. ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲೂ 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ತಂತ್ರಾಂಶ ಇವೆರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಒಂದರಲ್ಲಿ ಹುಡುಕಿದವನಿಗೆ ಇನ್ನೊಂದು ಸಿಗದು. ಹುಡುಕಿದರೆ ಸಿಗದ ಪುಸ್ತಕ ಜಾಲದಲ್ಲಿದ್ದೂ ಇಲ್ಲದಂತೆ. ಸಂಗ್ರಹಗಳು 'ಇಷ್ಟು ಲಕ್ಷ ಪುಟ ಡಿಜಿಟಲ್ ಆಯಿತು' ಎಂದಾಗ, ಅದರಲ್ಲಿ ಎಷ್ಟು ಪುಟದ ಪಠ್ಯ ಹುಡುಕಲು ಬರುತ್ತದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಬೀಗ, ಬೀಗದ ಪಕ್ಕದ ಬಾಗಿಲು

ಸಂಶೋಧನಾ ಪ್ರಬಂಧಗಳ ಲೋಕದಲ್ಲಿ ಪ್ರತಿ ಒಂದೇ ಕಡೆ ಇರುವುದು ಪ್ರಕಾಶಕರಿಗೆ ಅನುಕೂಲವಾಯಿತು. ಹಿಂದೆ ಗ್ರಂಥಾಲಯ ನಿಯತಕಾಲಿಕೆಯ ಚಂದಾ ನಿಲ್ಲಿಸಿದರೂ ಹಳೆಯ ಸಂಚಿಕೆಗಳು ಕಪಾಟಿನಲ್ಲಿರುತ್ತಿದ್ದವು. ಡಿಜಿಟಲ್ ಚಂದಾ ನಿಂತರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಹಳೆಯದೂ ಮುಚ್ಚಿಹೋಗುತ್ತದೆ. ಇದಕ್ಕೆ ಎದುರಾಗಿ ಬೆಳೆದದ್ದು, ಪ್ರಬಂಧಗಳನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತಿರಲಿ ಎನ್ನುವ ಮುಕ್ತ ಪ್ರವೇಶದ ಚಳವಳಿ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರುಮಾಡಿದ ಆರ್ಕೈವ್ ಎಂಬ ಪ್ರಬಂಧ ಭಂಡಾರ ಭೌತವಿಜ್ಞಾನಿಗಳಿಗೆ ಅಚ್ಚಿಗೆ ಮುಂಚಿನ ಕರಡನ್ನು ಹಂಚಲು ದಾರಿ ಮಾಡಿತು; ಮೊದಲು ಹೇಳಿದ ಇಂಟರ್ನೆಟ್ ಆರ್ಕೈವ್ ಬೇರೆ, ಇದು ಬೇರೆ. 2002ರ ಬುಡಾಪೆಸ್ಟ್ ಘೋಷಣೆ ಆ ಬಳಕೆಗೆ ಒಂದು ತತ್ವದ ರೂಪ ಕೊಟ್ಟಿತು.

ಈಗ ಎರಡು ಮಾರ್ಗ ನಡೆಯುತ್ತಿವೆ. ಒಂದರಲ್ಲಿ ಓದುಗ ಉಚಿತವಾಗಿ ಓದುತ್ತಾನೆ, ಪ್ರಕಟಣೆಯ ಶುಲ್ಕವನ್ನು ಲೇಖಕ ಅಥವಾ ಅವನ ಸಂಸ್ಥೆ ಕಟ್ಟುತ್ತದೆ. ಓದುವ ಬಾಗಿಲು ತೆರೆದಂತೆ ಬರೆಯುವ ಬಾಗಿಲಿಗೆ ಬೀಗ ಬಿದ್ದ ಹಾಗೆ ಇದು. ಅನುದಾನವಿಲ್ಲದ ಸಂಶೋಧಕ ಹೊರಗೆ ನಿಲ್ಲುತ್ತಾನೆ. ಇನ್ನೊಂದರಲ್ಲಿ ಪತ್ರಿಕೆ ಒಪ್ಪಿದ ಅಂತಿಮ ಕರಡನ್ನು ಲೇಖಕ ತನ್ನ ವಿಶ್ವವಿದ್ಯಾಲಯದ ಭಂಡಾರದಲ್ಲಿ ಇಡುತ್ತಾನೆ. ಎರಡನೆಯದು ಅಗ್ಗ, ಪ್ರತಿಯೂ ಎರಡು ಕಡೆ ಉಳಿಯುತ್ತದೆ. ಆದರೂ ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಬೀಗ ಬಿದ್ದ ಪ್ರಬಂಧ ಎದುರಾದವರು ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿದರೆ ಎಷ್ಟೋ ಸಲ ಆ ಕರಡು ಸಿಗುತ್ತದೆ. ಇಲ್ಲದಿದ್ದರೆ ಲೇಖಕರಿಗೇ ಮಿಂಚಂಚೆ ಬರೆದು ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು, ಬಾಗಿಲವರೆಗೆ ಬರಲೂ ಆಗದವರು. ಜಗತ್ತಿನಲ್ಲಿ 260 ಕೋಟಿ ಜನ ಅಂತರಜಾಲದ ಹೊರಗಿದ್ದಾರೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2024ರಲ್ಲಿ ಅಂದಾಜು ಮಾಡಿತು. ಇವರಿಗೆ ಅಚ್ಚೇ ಈಗಲೂ ಹೊಸ ಮಾಧ್ಯಮ.

ಬಾಟ್‌ಗಳ ಸರದಿ

ಪ್ರತಿ ಓದಿಗೂ ಸರ್ವರ್ ಇಟ್ಟವನಿಗೆ ಖರ್ಚು ಎಂದೆವಲ್ಲ, ಅದು ಈಗ ಬಿಕ್ಕಟ್ಟಾಗಿದೆ. ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ಪಠ್ಯ ಮತ್ತು ಚಿತ್ರ ಸಂಗ್ರಹಿಸುವ ಬಾಟ್‌ಗಳು, ಅಂದರೆ ತಾವೇ ತಾವಾಗಿ ಪುಟ ತೆರೆಯುವ ತಂತ್ರಾಂಶಗಳು, ಮುಕ್ತ ತಾಣಗಳನ್ನು ಹಗಲೂ ರಾತ್ರಿ ಜಾಲಾಡುತ್ತಿವೆ. 2024ರ ಜನವರಿಯಿಂದ ಚಿತ್ರ, ವಿಡಿಯೊಗಳ ಡೌನ್‌ಲೋಡ್‌ಗೆ ತನ್ನ ತಾಣಗಳಲ್ಲಿ ವ್ಯಯವಾಗುವ ಬ್ಯಾಂಡ್‌ವಿಡ್ತ್ (ದತ್ತಾಂಶ ರವಾನೆಯ ಪ್ರಮಾಣ) 50 ಶೇಕಡಾ ಏರಿದೆ ಎಂದು ವಿಕಿಪೀಡಿಯ ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2025ರ ಏಪ್ರಿಲ್‌ನಲ್ಲಿ ಹೇಳಿತು. ಪುಟವೀಕ್ಷಣೆಯಲ್ಲಿ ಬಾಟ್‌ಗಳ ಪಾಲು ಸುಮಾರು 35 ಶೇಕಡಾ, ಅತಿ ದುಬಾರಿ ಸಂಚಾರದಲ್ಲಿ 65. ಕಾರಣ ಸರಳ. ಮನುಷ್ಯರು ಒಂದು ಹೊತ್ತಿಗೆ ಹೆಚ್ಚಾಗಿ ಅವೇ ಜನಪ್ರಿಯ ಪುಟಗಳನ್ನು ಓದುತ್ತಾರೆ. ಅವುಗಳ ನಕಲನ್ನು ಓದುಗರಿಗೆ ಹತ್ತಿರದ ದತ್ತಾಂಶ ಕೇಂದ್ರದಲ್ಲಿ ಸಿದ್ಧವಾಗಿಟ್ಟಿರುತ್ತಾರೆ. ಬಾಟ್ ಯಾರೂ ತೆರೆಯದ ಮೂಲೆಯ ಪುಟಗಳನ್ನೂ ಬಿಡದೆ ಕೇಳುತ್ತದೆ. ಅಂಥದ್ದರ ನಕಲು ಹತ್ತಿರದಲ್ಲಿರುವುದಿಲ್ಲ, ಪ್ರತಿ ಸಲವೂ ಮೂಲ ಕೇಂದ್ರದಿಂದಲೇ ತರಬೇಕು.

ತಾಣಗಳು ಬಾಟ್‌ಗಳಿಗೆ 'ಇಲ್ಲಿ ಬರಬೇಡಿ' ಎಂದು ಹೇಳಲು 1994ರಿಂದ ರೋಬಾಟ್ಸ್ ಎಂಬ ಪುಟ್ಟ ಪಠ್ಯ ಕಡತ ಇಡುವ ರೂಢಿಯಿದೆ. ಅದು ಬೋರ್ಡು ಮಾತ್ರ, ಬೇಲಿಯಲ್ಲ. ಮರ್ಯಾದಸ್ಥ ಬಾಟ್ ಓದಿ ಹಿಂದೆ ಸರಿಯುತ್ತದೆ, ಉಳಿದವು ಬ್ರೌಸರ್‌ನ ಹೆಸರು ಹೇಳಿಕೊಂಡು ಒಳಗೆ ಬರುತ್ತವೆ. ಹಾಗಾಗಿ ತಾಣಗಳು ಲಾಗಿನ್ ಕೇಳತೊಡಗಿವೆ, ಗಂಟೆಗೆ ಇಷ್ಟೇ ಪುಟ ಎಂದು ಮಿತಿ ಹಾಕುತ್ತಿವೆ. ಈ ಬೇಲಿಗೆ ಮೊದಲು ಸಿಕ್ಕಿಬೀಳುವುದು ತನ್ನ ನಿಜವಾದ ಹೆಸರು ಹೇಳಿಕೊಂಡು ಬರುವ, ನಾಳೆಗಾಗಿ ಪುಟಗಳ ನಕಲು ತೆಗೆದಿಡುವ ಆರ್ಕೈವ್‌ಗಳ ಬಾಟ್. ಅಂಥ ಆರ್ಕೈವ್‌ಗಳಲ್ಲಿರುವ ನಕಲಿನಿಂದಲೂ ಬೇರೆಯವರು ಪಠ್ಯ ಎತ್ತಿಕೊಳ್ಳುತ್ತಾರೆಂಬ ಕಾರಣಕ್ಕೆ ಕೆಲವು ದೊಡ್ಡ ತಾಣಗಳು 2025ರಲ್ಲಿ ಅವುಗಳನ್ನೂ ತಡೆದಿವೆ. ಹಾಗೆ ತಡೆದ ತಾಣದ ಪುಟ ನಾಳೆ ಅಳಿದರೆ, ಅದರ ಎರಡನೇ ಪ್ರತಿಯನ್ನು ಹುಡುಕಲು ಹೋಗುವ ಜಾಗವೇ ಇರುವುದಿಲ್ಲ.